ಕಿವಿ ಕತ್ತರಿಸದ ಮರಿಗಳು

ತೀರಿಕೊಂಡ ದೊಡ್ಡಪ್ಪನ ದಿನದ ಊಟ ಮುಗಿದಿತ್ತು. ಊರಿನ ಹಿರಿಯರೊಬ್ಬರು ಮೈಕು ನನ್ನ ಕಡೆ ಚಾಚಿ, "ನಕಲಿ, ನೀ ನಾಕು ಮಾತಾಡಪಾ. ನಿನ್ನ ದನ್ಯಾಗ ಆಡು ಮತ್ತ, ಮಂದೀ ದನ್ಯಾಗ ಬ್ಯಾಡ" ಎಂದರು. ನಾನು ಎದ್ದು ನಿಂತೆ. ಬಾಯಿ ತೆರೆದೆ. ಹೊರಬಂದದ್ದು ದೊಡ್ಡಪ್ಪನ ಕೆಮ್ಮು. ಅದೇ ಎರಡು ತುಂಡಿನ ಕೆಮ್ಮು: ಮೊದಲನೆಯದು ಗಂಟಲಿನದು, ಎರಡನೆಯದು ಎದುರಿಗಿದ್ದವರನ್ನು ಸುಮ್ಮನಾಗಿಸಲಿಕ್ಕೆ. ಗಂಡಸರ ಸಾಲು ನಕ್ಕಿತು, ಹೆಂಗಸರ ಸಾಲು ಅತ್ತಿತು. ನಾನು ಮೈಕು ಕೆಳಗಿಟ್ಟು ಕುಳಿತುಬಿಟ್ಟೆ.

ಕುಳಿತೆ ಎಂದದ್ದು ಸುಳ್ಳು. ಎದ್ದು ಕುರಿಹಟ್ಟಿಯ ತನಕ ಹೋದೆ, ಬಂದೆ, ಮತ್ತೆ ಹೋದೆ. ಅಂದಿನಿಂದ ನನಗೆ ಒಂದು ಕಡೆ ನಿಲ್ಲಲಾಗುತ್ತಿಲ್ಲ. ಕೊಲ್ಹಾಪುರದ ಕಾಲೇಜಿನಲ್ಲಿ ಕೂತರೆ ಗಡಹಿಂಗ್ಲಜದ ಬಸ್ಸು ನೆನಪಾಗುತ್ತದೆ. ಬಸ್ಸು ಹತ್ತಿದರೆ ಇಚಲಕರಂಜಿಗೆ ಅಪ್ಪನ ಹತ್ತಿರ ಹೋಗಬೇಕಿತ್ತು ಅನ್ನಿಸುತ್ತದೆ. ಇಳಿದರೆ ಮತ್ತೆ ಹತ್ತಬೇಕು. ಕಂಡಕ್ಟರನ ದನಿ ತೆಗೆಯಲು ಬರುತ್ತದೆಂದು ಕಂಡಕ್ಟರ್ ಟಿಕೆಟು ಬಿಡುತ್ತಾನೆಯೇ? ಆದ್ದರಿಂದ ಆವತ್ತು ಆಡಬೇಕಾಗಿದ್ದ ನಾಕು ಮಾತನ್ನು ಇಲ್ಲಿ ಬರೆದು ಹಗುರಾಗುತ್ತೇನೆ.

ನನ್ನ ಕಸುಬು ಬೇರೆಯವರ ದನಿ. ಮದುವೆ, ಗಣಪತಿ ಕಾರ್ಯಕ್ರಮ, ನಿವೃತ್ತಿ ಸಮಾರಂಭ ಎಲ್ಲಿ ಕರೆದರೂ ಹೋಗುತ್ತೇನೆ. ಅಪ್ಪ ಇಚಲಕರಂಜಿಯಲ್ಲಿ ಮಗ್ಗ ನಡೆಸುವವನು. ಮಗ್ಗಗಳ ಖಟಖಟದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ತುಟಿ ನೋಡಿ ದನಿಯನ್ನು ನಾವೇ ತುಂಬಿಕೊಳ್ಳಬೇಕು. ಹಾಗೆ ತುಂಬಿ ತುಂಬಿ ಊರಿನವರ ದನಿಯೆಲ್ಲ ನನ್ನ ಗಂಟಲಲ್ಲಿ ಬಾಡಿಗೆಗೆ ಬಂದವು. ನನ್ನದಕ್ಕೆ ಮಾತ್ರ ಜಾಗ ಉಳಿಯಲಿಲ್ಲ.

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ. ಗಡಹಿಂಗ್ಲಜದಿಂದ ಒಳಗೆ ಹೋಗುವ ದಾರಿಯಲ್ಲಿರುವ ನಮ್ಮೂರಿನಲ್ಲಿ ಹಿಂಡು ಬಿಡದೆ ಉಳಿದ ಕೊನೆಯ ಕೆಲವರಲ್ಲಿ ಒಬ್ಬ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ನೆತ್ತಿಯ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಕಾಲಲ್ಲಿ ಕರ್ರ್ ಕರ್ರ್ ಎನ್ನುವ ಕೊಲ್ಹಾಪುರದ ಚಪ್ಪಲಿ. ಅವನು ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಒಂದು ಕಾಲಿನ ಮೇಲೆ ನಿಂತು, ಇನ್ನೊಂದನ್ನು ಅದರ ಮೊಣಕಾಲಿಗೆ ಆನಿಸಿ, ಕೋಲಿಗೆ ಗದ್ದ ಕೊಟ್ಟು ಜಗತ್ತನ್ನು ನೋಡುತ್ತಿದ್ದ. ಮನುಷ್ಯರನ್ನು ಕಂಡರೆ ಮೊದಲು ಕಿವಿ ನೋಡುವುದು ಅವನ ರೂಢಿ. ವೋಟು ಕೇಳಲು ಬಂದ ಒಬ್ಬ ಉಮೇದುವಾರನ ಕಿವಿ ಹಿಡಿದೇ ನೋಡಿ, "ಭಾಳ ಸಣ್ಣವು ಅದಾವ. ಇಂವ ಕೇಳಂಗಿಲ್ಲ" ಎಂದಿದ್ದ. ಉಮೇದುವಾರ ನಗುತ್ತಲೇ ಕಿವಿ ಬಿಡಿಸಿಕೊಂಡು ಹೋದ.

ಸರಕಾರದ ಬಗ್ಗೆ ದೊಡ್ಡಪ್ಪನದು ಒಂದೇ ಸಿದ್ಧಾಂತ.

"ಸರಕಾರ ಅಂದ್ರ ಬೀಗರಿದ್ದಂಗ. ಬರ್ಲಿ. ಕೈಕಾಲು ತೊಳೀಲಿ. ಹೋಳಗಿ ತಿನ್ಲಿ. ಸಂಜೀ ಬಸ್ಸಿಗೆ ಹೋಗ್ಲಿ. ಅಡಗೀಮನ್ಯಾಗ ಹೊಕ್ಕು ಡಬ್ಬೀ ಮುಚ್ಚಳ ತಗದು ನೋಡಬಾರ್ದು."

"ಬಂದ ಬೀಗರು ಹೋಗಲಿಲ್ಲಂದ್ರ ದೊಡ್ಡಪ್ಪಾ?"

"ಹಾಸಿಗೀ ಹಾಸಬಾರ್ದು. ತಾವ ಎದ್ದು ಹೋಗತಾರ."

ಈ ಸಿದ್ಧಾಂತಕ್ಕೆ ಒಂದು ಬೇರು ಇತ್ತು. ಅವನು ಹುಡುಗನಾಗಿದ್ದಾಗ ನನ್ನ ಅಜ್ಜನ ಹಿಂಡು ಕಾವಲಿನ ಹುಲ್ಲಿಗೆ ಬಾಯಿ ಹಾಕಿತೆಂದು ಕೊಂಡವಾಡಕ್ಕೆ, ಅಂದರೆ ಸರಕಾರಿ ದೊಡ್ಡಿಗೆ, ತುಂಬಿ ಬೀಗ ಹಾಕಿದರಂತೆ. ಬೀಗದ ಕೈ ಇದ್ದ ಸಾಹೇಬ ಊರಲ್ಲಿರಲಿಲ್ಲ. ಅವನು ಬರುವ ತನಕ ನೀರಿಲ್ಲದೆ ಮರಿಗಳು ಸತ್ತವು. ಗೇಟಿನ ಹೊರಗೆ ಕೊಡ ಹಿಡಿದು ನಿಂತವನು ನನ್ನ ದೊಡ್ಡಪ್ಪ. "ನೀರು ಇತ್ತು. ಮರೀನೂ ಇದ್ದೂ. ನಡುವ ಸರಕಾರ ಇತ್ತು" ಎನ್ನುತ್ತಿದ್ದ. ಇದನ್ನು ಹೇಳುವಾಗ ಮಾತ್ರ ಕೆಮ್ಮುತ್ತಿರಲಿಲ್ಲ.

ಇನ್ನು ನನ್ನ ಅತ್ತಿ, ಅವನ ತಂಗಿ. ಊರಿನ ಅಂಗನವಾಡಿ ನಡೆಸುತ್ತಿದ್ದವಳು. ಊರೆಲ್ಲ ಅವಳನ್ನು ಬಾಯಿ, ಅಂದರೆ ಟೀಚರಮ್ಮ, ಎಂದೇ ಕರೆಯುವುದು. ಅವಳಿಗೆ ಸರಕಾರ ಅಂದರೆ ತವರುಮನೆ. ಎಳೆ ವಯಸ್ಸಿನಲ್ಲಿ ಗಂಡ ತೀರಿಕೊಂಡ. ಗಂಡನ ಪಾಲಿನ ಕುರಿಗಳನ್ನು ಕೇಳಿದಾಗ ಆ ಊರಿನ ಪಂಚರು, "ಗಂಡಸಿಲ್ಲದ ಮನಿಗೆ ಹಿಂಡು ಯಾಕ" ಎಂದು ಕೈ ಝಾಡಿಸಿದರು. ಬರಿಗೈಯಲ್ಲಿ ಬಂದವಳಿಗೆ ಅಂಗನವಾಡಿ ಸಿಕ್ಕಿತು. ಕುರ್ಚಿ ಸಿಕ್ಕಿತು. "ನನ್ನ ಹೆಸರು ಹಿಡದು ಮೊದಲ ಕರದಿದ್ದು ಸರಕಾರ. ಅಲ್ಲೀತನಕಾ ನಾ ಯಾರದೋ ಹೇಣ್ತಿ, ಯಾರದೋ ತಂಗಿ" ಎನ್ನುತ್ತಿದ್ದಳು.

ಅಣ್ಣ ತಂಗಿಯರ ಮನೆಗಳ ನಡುವೆ ಎದೆಮಟ್ಟದ ಒಂದು ಗೋಡೆ. ಈ ಕಡೆ ಒಗ್ಗರಣೆ ಹಾಕಿದರೆ ಆ ಕಡೆ ಸೀನು. ಅಂಥ ಗೋಡೆಯ ಎರಡೂ ಬದಿಗೆ ಇವರು ವರ್ಷಗಟ್ಟಲೆ ಮಾತು ಬಿಟ್ಟು ಬದುಕಿದರು. ಕಾರಣ ಸರಕಾರಿ ಸಂಡಾಸು. ಅತ್ತಿ ಓಡಾಡಿ ಅಣ್ಣನ ಅಂಗಳಕ್ಕೆ ಅದನ್ನು ಮಂಜೂರು ಮಾಡಿಸಿದಳು. ದೊಡ್ಡಪ್ಪ ಅದರಲ್ಲಿ ಎಳೆ ಮರಿಗಳನ್ನು ಬಿಟ್ಟ. ನೋಡಲು ಬಂದ ಮೇಲಿನ ಆಫೀಸಿನ ಬಾಯಿಯರು ಬಾಗಿಲು ತೆರೆದರೆ ಒಳಗಿಂದ "ಬ್ಯಾ" ಎಂದಿತು. ಅತ್ತಿಯ ಮುಖ ಕಪ್ಪಿಟ್ಟಿತು. "ಚಲೋ ಕಟ್ಯಾರ್ರಿ, ಗಾಳಿ ಬರಂಗಿಲ್ಲ, ಮರಿ ಬೆಚ್ಚಗಿರತಾವ" ಎಂದು ದೊಡ್ಡಪ್ಪ ಸರಕಾರವನ್ನು ಮೊದಲ ಸಲ ಹೊಗಳಿದ್ದು ಆವತ್ತೇ. ಅಂದಿನಿಂದ ಮಾತು ಬಂದ್.

ಮಾತು ಬಂದಾದ ಮೇಲೆ ಜಗಳಕ್ಕೆ ನಾನು ಬೇಕಾದೆ. ರಜೆಗೆ ಊರಿಗೆ ಹೋದರೆ ಚಹಾ ಕುಡಿಯುವ ಮೊದಲೇ ಡ್ಯೂಟಿ.

"ತಮ್ಮಾ, ಹೋಗಿ ಅಂವಗ ಹೇಳು, ರೇಶನ್ ಅಕ್ಕಿ ಬ್ಯಾಡಾಗಿದ್ರ ಬಿಡು ಅನ್ನು, ಅದ್ನ ಕೋಳಿಗೆ ಹಾಕಿ ಸರಕಾರಕ್ಕ ಅವಮಾನ ಮಾಡಬ್ಯಾಡ ಅನ್ನು."

ಗೋಡೆಯ ಆ ಕಡೆಯೇ ನಿಂತ ದೊಡ್ಡಪ್ಪನಿಗೆ ಪೂರ್ತಿ ಕೇಳಿರುತ್ತಿತ್ತು. ಆದರೂ ನಾನು ಗೋಡೆ ಸುತ್ತಿ ಹೋಗಿ, ಅತ್ತಿಯ ದನಿಯಲ್ಲಿ, ಅತ್ತಿಯ ಹಾಗೇ ಸೊಂಟಕ್ಕೆ ಸೆರಗು ಸಿಗಿಸುವ ಅಭಿನಯ ಮಾಡಿ ಒಪ್ಪಿಸಬೇಕು. ಅವನು ಆಗ ಮೊದಲ ಸಲ ಕೇಳಿದವನಂತೆ ಸಿಟ್ಟಾಗುತ್ತಿದ್ದ.

"ಹಿಂಗಂದ್ಳಾ? ಹಂಗಾದ್ರ ಹೇಳು: ಕೋಳಿ ತಿಂತೈತಿ, ತಿಂದು ಸುಮ್ನಿರತೈತಿ. ನಿನ್ನಂಗ ಸರಕಾರದ ಆರತಿ ಹಾಡಂಗಿಲ್ಲ."

ಮತ್ತೆ ಗೋಡೆ ಸುತ್ತು. ಈ ಓಟದಲ್ಲೇ ನನ್ನ ಕಾಲಿಗೂ ಗಂಟಲಿಗೂ ತಾಲೀಮು ಆಯಿತು. ಕೆಲವು ಸಲ ದೊಡ್ಡಪ್ಪ ಕಂಬಳಿ ಹೆಗಲಿಗೆ ಹಾಕಿ ಹಟ್ಟಿಗೆ ನಡೆದುಬಿಡುತ್ತಿದ್ದ. ಅತ್ತಿ ಈ ಕಡೆಯಿಂದ, "ಏನಂದಾ?" ಎನ್ನುವಳು. "ಏನೂ ಅನ್ನಲಿಲ್ಲ" ಎಂದರೆ ಆವತ್ತು ಸಂಜೆ ಅವಳ ಮನೆಯಲ್ಲಿ ಶಿರಾ.

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಒಮ್ಮೆ ಸರಕಾರ ಎಷ್ಟಿರಬೇಕು ಎಂಬ ವಿಷಯ ಬಂತು. ನಮ್ಮ ಸರ್ ಹಲಗೆಯ ಮೇಲೆ ಗೆರೆ ಎಳೆದು ಒಂದು ಕಡೆ ಸಂಪ್ರದಾಯವಾದಿ, ಇನ್ನೊಂದು ಕಡೆ ಉದಾರವಾದಿ ಎಂದು ಬರೆದರು. ನನಗೆ ಅದು ನಮ್ಮ ಗೋಡೆಯ ಹಾಗೇ ಕಂಡಿತು. ಪರವಾಗಿ ಅತ್ತಿಯ ದನಿಯಲ್ಲಿ ಮಾತಾಡಿದೆ, ವಿರೋಧವಾಗಿ ದೊಡ್ಡಪ್ಪನ ದನಿಯಲ್ಲಿ. ಸಭೆ ಬಿದ್ದು ಬಿದ್ದು ನಕ್ಕಿತು. ಸರ್ ಕೇಳಿದರು: "ನಿನ್ನದು ಯಾವ ಕಡೆ?" ನಾನು ಸರ್ ದನಿಯಲ್ಲೇ, "ನಿನ್ನದು ಯಾವ ಕಡೆ?" ಎಂದೆ. ಮತ್ತೆ ನಕ್ಕರು. ಬಹುಮಾನ ಬೇರೆ ಯಾರಿಗೋ ಹೋಯಿತು.

ಸರ್ ಎಳೆದ ಗೆರೆಯೊಳಗೆ ಇವರಿಬ್ಬರು ನಿಲ್ಲುತ್ತಿರಲೂ ಇಲ್ಲ. ಒಂದು ಗಣಪತಿ ಹಬ್ಬದಲ್ಲಿ ಹುಡುಗರು ಹಟ್ಟಿಯ ಪಕ್ಕದಲ್ಲೇ ಡಿಜೆ ಕಟ್ಟಿದರು. ಧಡಧಡ ಶಬ್ದಕ್ಕೆ ಗಬ್ಬದ ಕುರಿಗಳು ಬೇಲಿಗೆ ಹಾಯ್ದವು. ಆಗ ಬೀಗರನ್ನು ಹೊಸ್ತಿಲ ಹೊರಗೇ ಇಡಬೇಕೆನ್ನುವ ನಮ್ಮ ದೊಡ್ಡಪ್ಪ ನನ್ನ ಮೊಬೈಲು ಕಸಿದು ಪೊಲೀಸರಿಗೆ ಫೋನು ಹಚ್ಚಿ ಶುದ್ಧ ಮರಾಠಿಯಲ್ಲಿ, "ಸಾಹೇಬ, ಲಈ ಆವಾಜ ಆಹೆ. ಮೇಂಢರಂ ಘಾಬರಲೀತ. ಲವಕರ ಯಾ" ಎಂದ. ಗದ್ದಲಕ್ಕೆ ಕುರಿ ಬೆದರಿವೆ, ಬೇಗ ಬನ್ನಿ ಅಂತ! ಅತ್ತಿ ಗೋಡೆಯ ಆಚೆಯಿಂದ, "ತಮ್ಮಾ, ಕೇಳು, ಬೀಗರಿಗೆ ಹಾಸಿಗೀ ಹಾಸೇನು?" ಎಂದಳು. ಆ ಡಿಜೆಯ ಮೈಕು ಬಿಟ್ಟು ಓಡಿಬಂದ ನಿರೂಪಕ ನಾನೇ ಎಂಬುದನ್ನು ಇಬ್ಬರಿಗೂ ಹೇಳಿರಲಿಲ್ಲ.

ಆದರೆ ಅತ್ತಿಯ ಸರದಿಯೂ ಬಂತು. ಅಂಗನವಾಡಿಗೆ ಬರುವ ಮಕ್ಕಳ ಮುಖವನ್ನು ದಿನಾ ಮೊಬೈಲಿನಲ್ಲಿ ತೋರಿಸಿದರೇನೇ ಹಾಜರಿ ಎಂದು ಮೇಲಿನಿಂದ ಹುಕುಂ. ಅತ್ತಿ ಆ ಮೊಬೈಲನ್ನು ಜೋಳದ ಡಬ್ಬಿಯಲ್ಲಿ ಹುಗಿದಿಟ್ಟಳು. "ಹಸದ ಮಕ್ಕಳ ಹೊಟ್ಟೀ ನೋಡ್ಲಿ, ಮಾರಿ ಯಾಕ ಬೇಕು ಇವರಿಗೆ?" ಎಂದಳು. ಮೇಲಿನ ಬಾಯಿ ಬಂದು ಮೊಬೈಲು ಎಲ್ಲಿ ಎಂದು ಹುಡುಕಿ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ದೊಡ್ಡಪ್ಪ ಗೋಡೆಗೆ ಗದ್ದ ಆನಿಸಿ ಎರಡೂ ತುಂಡು ಕೆಮ್ಮಿದ. ಆ ಕೆಮ್ಮನ್ನು ನಾನು ಬಹಳ ಕಡೆ ಆಡಿ ತೋರಿಸಿದ್ದೇನೆ, ಅಷ್ಟು ಸುಖದ ಕೆಮ್ಮು ನನಗೆ ಬಂದಿಲ್ಲ.

ಒಮ್ಮೆ ಅವನ ಜೊತೆ ಹಿಂಡು ನಡೆಸಿಕೊಂಡು ಮುರಗೂಡದ ಆಚೆ ಹೋಗಿದ್ದೆ. ದಾರಿಯಲ್ಲಿ ಇನ್ನೊಂದು ಹಿಂಡು ಎದುರಾಗಿ ಎರಡೂ ಕೂಡಿಬಿಟ್ಟವು. ರಸ್ತೆ ತುಂಬ ಉಣ್ಣೆ. ಹಿಂದೆ ಟ್ರ್ಯಾಕ್ಟರುಗಳ ಹಾರ್ನು. ಯಾವುದು ಯಾರದೆಂದು ನನಗೆ ಕೈಕಾಲು ಆಡಲಿಲ್ಲ. ದೊಡ್ಡಪ್ಪನೂ ಆ ಕುರುಬನೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಅವನು ರಸ್ತೆಯ ಆ ಬದಿಗೆ ಹೋಗಿ ನಿಂತ, ಇವನು ಈ ಬದಿಗೆ. ಇಬ್ಬರೂ ತಮ್ಮ ತಮ್ಮ ಕೂಗು ಹಾಕಿದರು. ದೊಡ್ಡಪ್ಪನದು "ಹ್ಹಾಯ್ಯಾ... ಟುರ್ರ್ರ್" ಎಂದು ಎದ್ದು, ಕೊನೆಗೆ ಕೆಮ್ಮಿನಲ್ಲಿ ಇಳಿಯುವ ಕೂಗು. ಹಾಲು ಒಡೆದ ಹಾಗೆ ಹಿಂಡು ಎರಡಾಯಿತು. ಒಂದು ಕುರಿಯೂ ತಪ್ಪಲಿಲ್ಲ.

"ನೋಡಿದೇನು ನಕಲಿ? ಇದಕ್ಕ ತಹಶೀಲ್ದಾರ ಬೇಕೇನು?"

ಊರಿಗೆ ಬಂದು ಇದನ್ನು ಅತ್ತಿಯ ಮುಂದೆ ಅವನ ದನಿಯಲ್ಲೇ ಒಪ್ಪಿಸಿದೆ. ಅವಳು ನಗಲಿಲ್ಲ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಕರಿಯಾಕ ದನಿ ಇದ್ದಾಂವಗ ಚಲೋ ಆತು. ದನಿ ಇಲ್ಲದಾಕಿ ಏನ ಮಾಡಬೇಕು ಅಂತ ಕೇಳು ಅಂವಗ. ಪಂಚರು ಕುಂತಾಗ ನಮ್ಮ ಕಡೀಂದ ಹೋಗಿದ್ದಾಂವ ಅಂವನ. 'ನಿಮ್ಮ ಗಂಡಸು ಏನಂತಾನ' ಅಂತ ಕೇಳಿದ್ರು. ಇಂವ ನೆಲಾ ನೋಡಿದ. 'ಸುಮ್ನದಾನ ಅಂದ್ರ ಒಪ್ಪ್ಯಾನ' ಅಂದು ಎದ್ದು ಹೋದ್ರು. ಅಷ್ಟ ದೊಡ್ಡ ದನಿ ಆವತ್ತ ಎಲ್ಲಿ ಇಟ್ಟಿದ್ದಾ ಕೇಳು."

ಗೋಡೆ ಸುತ್ತಿ ಹೋದೆ. ಆ ಮಾತನ್ನು ಅತ್ತಿಯ ದನಿಯಲ್ಲಿ ಆಡಲು ಹೋಗಿ ನನ್ನಿಂದಾಗಲಿಲ್ಲ. ದೊಡ್ಡಪ್ಪ ಎರಡೂ ಕಾಲು ನೆಲಕ್ಕೆ ಊರಿ ನಿಂತಿದ್ದ. "ಕೇಳಿಸ್ತು, ಹೋಗು" ಎಂದ.

ಈಗ ಬಿಲ್ಲೆಯ ಕಥೆ. ನಮ್ಮಲ್ಲಿ ಮರಿ ಹುಟ್ಟಿ ಸ್ವಲ್ಪ ಬಲಿತ ಮೇಲೆ ಅದರ ಎಡಗಿವಿಯ ಅಂಚನ್ನು ಕತ್ತರಿಸಿ ಗುರುತು ಮಾಡುತ್ತಾರೆ. ಒಂದೊಂದು ಮನೆಯದು ಒಂದೊಂದು ಕತ್ತರಿ. ನಮ್ಮದು ಸೀಳಿದ ಮಾವಿನೆಲೆಯಂತೆ. ಅತ್ತಿ ತನ್ನ ಪಗಾರದಲ್ಲಿ ಒಂದೊಂದಾಗಿ ಕೊಂಡ ಕುರಿಗಳೂ ಅಣ್ಣನ ಹಿಂಡಿನಲ್ಲೇ ಮೇಯುತ್ತಿದ್ದವು. ಮೇಯುವುದು ಅವನ ಹಿಂಡಿನಲ್ಲಿ ಆದ್ದರಿಂದ ಕಿವಿಯ ಗುರುತೂ ಅವನದೇ. ಹೀಗಿರುವಾಗ ಒಂದು ವರ್ಷ ಸುತ್ತಲಿನ ಊರುಗಳಲ್ಲಿ ಕುರಿಗಳಿಗೆ ಸಿಡುಬು ಎದ್ದಿತು. ಸರಕಾರಿ ಡಾಕ್ಟರು ಲಸಿಕೆ ಹಾಕಲು ಬರುತ್ತಾರೆಂದು ಸುದ್ದಿ ಬಂತು. ಲಸಿಕೆ ಬೇಕೆಂದರೆ ಪ್ರತಿ ಕುರಿಯ ಕಿವಿಗೂ ಹಳದಿ ಬಿಲ್ಲೆ ಹಾಕಿಸಿ, ಮಾಲಕರ ಹೆಸರು ಬರೆಸಬೇಕು.

ಸೂಜಿಗೆ ದೊಡ್ಡಪ್ಪನ ತಕರಾರಿಲ್ಲ. ಬಿಲ್ಲೆಗೆ ಇತ್ತು. ಡಾಕ್ಟರು ಬರುವ ದಿನ ಬೆಳಕು ಹರಿಯುವ ಮೊದಲೇ ಹಿಂಡು ಎಬ್ಬಿಸಿಕೊಂಡು ಗುಡ್ಡ ಹತ್ತಿಬಿಟ್ಟ.

ಡಾಕ್ಟರು ಒಳ್ಳೆಯ ಮನುಷ್ಯ. ಲಸಿಕೆಯ ಐಸ್ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಬೆವರುತ್ತ ಕಾದರು. ಅತ್ತಿ ಅಂಗನವಾಡಿಗೂ ಹೋಗದೆ ಗೋಡೆಯಿಂದ ಬಾಗಿಲಿಗೆ, ಬಾಗಿಲಿಂದ ಗೋಡೆಗೆ ಅಡ್ಡಾಡುತ್ತಿದ್ದಳು. ನನಗೂ ತಡೆಯಲಾಗಲಿಲ್ಲ. ಹಟ್ಟಿಯ ಬದುವಿನ ಮೇಲೆ ಹತ್ತಿ, ಹೊಟ್ಟೆಯಿಂದ ಉಸಿರು ಎಳೆದು, "ಹ್ಹಾಯ್ಯಾ... ಟುರ್ರ್ರ್" ಎಂದೆ. ಕೊನೆಗೆ ಎರಡು ತುಂಡು ಕೆಮ್ಮನ್ನೂ ಅಂಟಿಸಿದೆ.

ಗುಡ್ಡದ ಮೇಲೆ ಬಿಳಿ ಕಪ್ಪು ಚುಕ್ಕೆಗಳೆಲ್ಲ ಒಮ್ಮೆಲೇ ಇಳಿಯತೊಡಗಿದವು. ಮೇಲಿನಿಂದ ದೊಡ್ಡಪ್ಪನ ಕೂಗು ಬಂತು, ನಿಜವಾದ್ದು. ಹಿಂಡು ನಡುಗುಡ್ಡದಲ್ಲಿ ನಿಂತುಬಿಟ್ಟಿತು. ನಾನು ಕೂಗಿದರೆ ಕೆಳಗೆ ತಿರುಗುತ್ತವೆ, ಅವನು ಕೂಗಿದರೆ ಮೇಲೆ. ಒಂದೇ ದನಿ ಎರಡೂ ಕಡೆ. ಪಾಪದ ಪ್ರಾಣಿಗಳು ತಿರುಗಿ ತಿರುಗಿ ಸುಸ್ತಾದವು. ಕೊನೆಗೆ ದೊಡ್ಡಪ್ಪನೇ ಕೂಗು ಬಿಟ್ಟು ಇಳಿದು ಬಂದ. ಹಿಂಡು ಅವನ ಹಿಂದೆ ಬಂತು.

ಹೊಡೆಯುತ್ತಾನೆ ಎಂದು ನಾನು ಬದುವಿನ ಆ ಕಡೆಗೆ ಜಾರಿದ್ದೆ. "ಕೆಮ್ಮು ಚಲೋ ಬಂತು ಮಗನ. ಟುರ್ರ್ ಇನ್ನೂ ಹಸಿ ಐತಿ" ಎಂದ. ಆಮೇಲೆ ಡಾಕ್ಟರ ಕಡೆ ತಿರುಗಿ, "ಸೂಜಿ ಹಾಕ್ರಿ. ಬಿಲ್ಲೆ ಬ್ಯಾಡ. ಇವುಕ್ಕ ನಮ್ಮಪ್ಪನ ಗುರುತ ಐತಿ. ಸರಕಾರದ ಬಿಲ್ಲೆ ಬಿದ್ರ ನಾಳೆ ಇವು ಯಾರವು?" ಎಂದ.

ಆಗ ಅತ್ತಿ ನನ್ನನ್ನು ಕರೆಯಲಿಲ್ಲ. ನೇರ ಅಣ್ಣನ ಮುಂದೆ ಬಂದು ನಿಂತಳು.

"ಅಣ್ಣಾ. ನನ್ನ ಕುರೀ ಕಿವ್ಯಾಗೂ ನಿಮ್ಮಪ್ಪನ ಗುರುತ ಐತಿ. ಇವತ್ತ ಅವು ಯಾರವು?"

ದೊಡ್ಡಪ್ಪ ನೆಲ ನೋಡಿದ. ಹಾಗೇ ನೆಲ ನೋಡುತ್ತ ಹಿಂಡಿನೊಳಗೆ ಹೊಕ್ಕ. ಅತ್ತಿಯ ಕುರಿಗಳನ್ನು ಒಂದೊಂದಾಗಿ ಹಿಂಗಾಲು ಹಿಡಿದು ಎಳೆದು ತಂದು, ಮೊಣಕಾಲ ನಡುವೆ ತಲೆ ಸಿಗಿಸಿ, ಬಲಗಿವಿ ತಾನೇ ಅಗಲಿಸಿ ಹಿಡಿದ. ಕಟಕ್. ಬಿಲ್ಲೆ ಕೂತಿತು. "ಯಾರ ಹೆಸರಿಗೆ?" ಎಂದು ಡಾಕ್ಟರು ಕೇಳಿದರೆ, "ಅಲ್ಲಿ ನಿಂತಾಳಲ್ಲ, ಆಕೀ ಹೆಸರಿಗೆ" ಎಂದ.

ಉಳಿದವಕ್ಕೆ ಬಿಲ್ಲೆಯಿಲ್ಲದೆ ಸೂಜಿ ಹಾಕಲು ಬರುವುದಿಲ್ಲ, ಆ್ಯಪ್ ತೆಗೆದುಕೊಳ್ಳುವುದಿಲ್ಲ, ನಿಯಮ ಎಂದು ಡಾಕ್ಟರು ಸಂಕೋಚದಿಂದ ಹೇಳಿದರು. ನಾನು ಅತ್ತಿಯ ಮುಖ ನೋಡಿದೆ. ನಿಯಮ ಎಂದರೆ ಎದ್ದು ನಿಲ್ಲುವವಳು.

"ಯಾವ ನಿಯಮ್ರಿ ಸಾಹೇಬ? ಸಿಡುಬು ಆ್ಯಪ್ ನೋಡಿ ಬರತೈತೇನು? ಹಾಕ್ರಿ ಸೂಜಿ. ಯಾರರೆ ಕೇಳಿದ್ರ ನನ್ನ ಕಡೆ ಕಳಸ್ರಿ. ನಾನೂ ಸರಕಾರನ ಅದೀನಿ."

ಡಾಕ್ಟರು ತಲೆ ಕೆರೆದುಕೊಂಡರು. ಒಂದು ಕುರಿಯ ಎಡಗಿವಿಯ ಕತ್ತರಿ ಗುರುತನ್ನು ಬಹಳ ಹೊತ್ತು ನೋಡಿದರು. "ಕಿವಿ ಹರದೈತಿ, ಬಿಲ್ಲೆ ನಿಲ್ಲಂಗಿಲ್ಲ ಅಂತ ಬರೀತೀನಿ" ಎಂದು ಸಿರಿಂಜು ಎತ್ತಿದರು. ಅಜ್ಜನ ಗುರುತು ಮೊದಲ ಸಲ ಸರಕಾರಿ ಕಾರಣವಾಯಿತು. ಸಿಡುಬು ನಮ್ಮ ಹಟ್ಟಿಗೆ ಬರಲಿಲ್ಲ.

ಮರುದಿನ ಬೆಳಗ್ಗೆ ಅತ್ತಿ ಗೋಡೆಯ ಆಚೆಯಿಂದ, "ತಮ್ಮಾ, ಅಂವಗ ಹೇಳು, ರೊಟ್ಟಿ ಮಾಡೇನಿ" ಎಂದಳು. ಒಂದು ಸಲ ನೇರ ಮಾತಾಡಿದ್ದು ಸಾಕಾಗಿತ್ತು ಇಬ್ಬರಿಗೂ. ನನ್ನ ಓಟ ತಪ್ಪಲಿಲ್ಲ. ಒಂದು ಮಾತ್ರ ಬದಲಾಗಿತ್ತು, ಅದು ನನ್ನ ಕಣ್ಣಿಗೆ ಬೀಳಲು ತಡವಾಯಿತು. ಆಮೇಲೆ ಹುಟ್ಟಿದ ಯಾವ ಮರಿಯ ಕಿವಿಯನ್ನೂ ದೊಡ್ಡಪ್ಪ ಕತ್ತರಿಸಲಿಲ್ಲ. ಬಿಲ್ಲೆಯನ್ನೂ ಹಾಕಿಸಲಿಲ್ಲ. ಯಾಕೆಂದು ಕೇಳಿದರೆ, "ಕತ್ತರಿ ಮೊಂಡ ಆಗೇತಿ" ಎಂದ. ಕತ್ತರಿ ಚೆನ್ನಾಗಿಯೇ ಇತ್ತು. ಅದರಲ್ಲೇ ಅವನು ಮೀಸೆ ಕತ್ತರಿಸಿಕೊಳ್ಳುತ್ತಿದ್ದ.

ಈ ವರ್ಷ ಒಂದು ಮಧ್ಯಾಹ್ನ, ಹಿಂಡನ್ನು ಮೇಯಲು ಬಿಟ್ಟು ಒಂಟಿಗಾಲಲ್ಲಿ ನಿಂತವನು ನಿಂತಂತೆಯೇ ಕುಸಿದ. ಕೊಲ್ಹಾಪುರದ ಸರಕಾರಿ ದವಾಖಾನೆಗೆ ಒಯ್ದೆವು. ನರ್ಸಮ್ಮ ಮಣಿಕಟ್ಟಿಗೆ ಹೆಸರಿನ ಪಟ್ಟಿ ಕಟ್ಟಿದಳು. ಅವನು ಕಣ್ಣು ತೆರೆದು ಅದನ್ನು ನೋಡಿ ನನ್ನನ್ನು ಹತ್ತಿರ ಕರೆದ. "ನಕಲಿ, ಕಿವೀಗೆ ಬ್ಯಾಡ ಅಂದ್ರ ಕೈಗೆ ಹಾಕಿದ್ರು ನೋಡು ಬಿಲ್ಲೆ." ಅತ್ತಿ ಬಾಗಿಲಲ್ಲಿ ನಿಂತು, "ಔಷಧಿ ತಗೋ ಅನ್ನು ಅಂವಗ" ಎಂದಳು. ಮಂಚ ಸುತ್ತಿ ಹೋಗಿ ಹೇಳಿದೆ. ತಗೊಂಡ. ಆದರೂ ಉಳಿಯಲಿಲ್ಲ.

ದಿನದ ಊಟದ ದಿನಕ್ಕೆ ಮರಳುತ್ತೇನೆ. ನಾನು ಮೈಕಿನ ಮುಂದೆ ಕೆಮ್ಮಿ ಮರ್ಯಾದೆ ಕಳೆದುಕೊಂಡ ಮೇಲೆ ಹಿರಿಯರು ಹಟ್ಟಿಯ ಹತ್ತಿರ ಕಂಬಳಿ ಹಾಸಿ ಕೂತರು. ಹಿಂಡು ಯಾರಿಗೆ? ನಮ್ಮ ರೂಢಿಯಲ್ಲಿ ತಮ್ಮನಿಗೆ, ಅಂದರೆ ಅಪ್ಪನಿಗೆ, ಅವನ ನಂತರ ನನಗೆ. ಬಿಲ್ಲೆಯಿದ್ದ ಕುರಿಗಳು ಬಾಯಿಯವು, ಕತ್ತರಿ ಗುರುತಿನವು ನಮ್ಮವು. ಅಲ್ಲಿಗೆ ಸುಲಭವಿತ್ತು. ಮರಿಗಳ ಕಿವಿ ಹಿಡಿದು ನೋಡಿದ ಹಿರಿಯರೊಬ್ಬರು, "ಅಲೆಲೆ, ಇವು ಖಾಲೀ ಕಿವಿ ಅದಾವಲ್ಲ. ಇವು ಯಾರವು?" ಎಂದರು.

ಅಪ್ಪ ತನ್ನ ಚಪ್ಪಲಿ ನೋಡುತ್ತಿದ್ದ. ಅತ್ತಿ ದೂರ ನಿಂತಿದ್ದಳು. ಏನೂ ಕೇಳಲಿಲ್ಲ. ಕೇಳಿದರೂ ಪಾಲು ಸಿಗದ ಊರಿಂದ ಬಂದವಳು.

"ಕರೀರಿ" ಎಂದರು ಹಿರಿಯರು. "ಹಿಂಡು ಕೂಡಿದಾಗ ಹೆಂಗ ಮಾಡ್ತೀವಿ, ಹಂಗ. ನಕಲಿ ಆ ಕಡೆ ನಿಂದರ್ಲಿ, ಬಾಯಿ ಈ ಕಡೆ ನಿಂದರ್ಲಿ. ಯಾರ ಕಡೆ ಹೋಗತಾವ ಅವರವು." ಹೇಳಿ ನನ್ನತ್ತ ನೋಡಿ ಮೀಸೆಯಲ್ಲಿ ನಕ್ಕರು. ನನ್ನ ಗಂಟಲಲ್ಲಿ ಯಾರಿದ್ದಾರೆಂದು ಊರಿಗೆಲ್ಲ ಗೊತ್ತು. ಗುಡ್ಡದಿಂದ ಹಿಂಡನ್ನೇ ಇಳಿಸಿದವನು ನಾನು. ಅಲ್ಲಿಯವರೆಗೆ ಗಂಡಸರ ಮುಂದೆ ಅತ್ತಿ ಕುರಿಗಳನ್ನು ಕೂಗಿ ಕರೆದವಳೇ ಅಲ್ಲ.

ಕೆಲವೇ ಹೆಜ್ಜೆ ದೂರದ ಬದುವಿಗೆ ಹೋಗುವಷ್ಟರಲ್ಲಿ ನನ್ನ ತಲೆಯಲ್ಲಿ ಮರಿ ಮಾರಿದ ದುಡ್ಡಿನ ಒಂದು ಸೌಂಡ್ ಸಿಸ್ಟಮ್ ಬಂದು ಕೂತಿತು. ಎರಡು ದೊಡ್ಡ ಬಾಕ್ಸು, ನೀಲಿ ಲೈಟು, ಮೇಲೆ ನನ್ನ ಹೆಸರು. ಮರಿಗಳನ್ನು ನಡುವೆ ಬಿಟ್ಟರು. ಹಿಂಡು ಅವು ಏನು ಮಾಡುತ್ತವೆಂದು ನೋಡುತ್ತ ನಿಂತಿತು. ನಾನು ಹೊಟ್ಟೆಯಿಂದ ಉಸಿರು ಎಳೆದೆ. "ಹ್ಹಾಯ್ಯಾ" ಹಲ್ಲಿನ ತನಕ ಬಂದು ನಿಂತಿತ್ತು. ಎದುರಿಗೆ ಅತ್ತಿ ನೆಲ ನೋಡುತ್ತಿದ್ದಳು. ಅಣ್ಣನ ಹಾಗೇ.

ನಾನು ಕರೆದೆ. ನನ್ನ ದನಿಯಲ್ಲಿ. ಹೇಗಿತ್ತೆಂದು ಹೇಳಲು ನಾಚಿಕೆ. ಎಳೆಯ ಹುಂಜ ಮೊದಲ ಸಲ ಕೂಗಿದ ಹಾಗೆ, ಅದೂ ಸರ್ದಿಯಾದ ಹುಂಜ. ಏನು ಹೇಳಿ ಕರೆಯಬೇಕೆಂದೂ ಹೊಳೆಯದೆ ಮದುವೆಮನೆಯಲ್ಲಿ ಪಂಕ್ತಿಗೆ ಕರೆಯುವಂತೆ, "ಬರ್ರೀ... ಬರ್ರೀ" ಎಂದೆ. ಕುರಿಗಳಿಗೆ ಬಹುವಚನ! ಒಂದು ಮರಿಯೂ ತಲೆ ಎತ್ತಲಿಲ್ಲ. ಮುದಿ ಟಗರೊಂದು ನನ್ನತ್ತ ನೋಡಿ, ನಿಂತಲ್ಲೇ ಉಚ್ಚೆ ಹೊಯ್ದಿತು. ಹಿರಿಯರು ಹೊಟ್ಟೆ ಹಿಡಿದು ನಕ್ಕರು. "ಏ ನಕಲಿ, ಚಾಷ್ಟಿ ಸಾಕು, ಖರೇನ ಕರಿ!" ಎಂದರು. ಖರೇನೇ ಕರೆದಿದ್ದೆ. ಯಾರಿಗೂ ಗುರುತು ಸಿಗಲಿಲ್ಲ ಅಷ್ಟೆ.

ಅತ್ತಿಗೆ ಸಿಕ್ಕಿತು ಅನ್ನಿಸುತ್ತದೆ. ತಲೆ ಎತ್ತಿ ನನ್ನನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಗಿಸಿದಳು. ಅವಳಿಗೂ ಕುರಿ ಕರೆಯುವ ಕೂಗು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ಕೂಗು, ಅಂಗನವಾಡಿಯ ಬಾಗಿಲಲ್ಲಿ ನಿಂತು ದಿನಾ ಕೂಗಿದ್ದು:

"ಬರ್ರಿ ಮಕ್ಕಳ್ರ್ಯಾ, ಖಿಚಡೀ!"

ಹಿಂಡು ಮೇಯಲು ಹೋದಾಗ ಎಳೆ ಮರಿಗಳು ಮನೆಯಲ್ಲೇ ಉಳಿಯುತ್ತವೆ. ಆ ಸಂಡಾಸಿನಲ್ಲಿ ಬೆಳೆದ ಮರಿಗಳಿಗೆ ನೀರು ಸೊಪ್ಪು ಹಾಕಿದವಳು, ಮಕ್ಕಳು ಉಂಡು ಉಳಿದ ಖಿಚಡಿ ನೆಕ್ಕಿಸಿದವಳು ಅವಳು. ಮರಿಗಳ ಖಾಲಿ ಕಿವಿಗಳೆಲ್ಲ ಒಮ್ಮೆಲೇ ನಿಮಿರಿದವು. ಒಂದರ ಮೇಲೊಂದು ಬಿದ್ದು ಅವಳ ಕಾಲಿಗೆ ಹೋಗಿ ಮುತ್ತಿದವು. ಮರಿಗಳು ಓಡಿದ್ದನ್ನು ಕಂಡು ತಾಯಿಕುರಿಗಳು ಬ್ಯಾ ಎನ್ನುತ್ತ ಹಿಂದೆ ಓಡಿದವು. ಅವು ಓಡಿದ್ದಕ್ಕೆ ಉಳಿದವು ಓಡಿದವು. ಕತ್ತರಿ ಗುರುತಿನವು, ಬಿಲ್ಲೆಯವು, ಉಚ್ಚೆ ಹೊಯ್ದ ಟಗರು, ಎಲ್ಲ. ಬದುವಿನ ಮೇಲೆ ನಾನೊಬ್ಬ.

ಹಿರಿಯರ ನಗು ನಿಂತಿತು. "ಹಿಂಗಾದ್ರ ಹೆಂಗ? ಗುರುತಿನ ಕುರಿನೂ ಹೋದವಲ್ಲ. ಇದನ್ನ ತಹಶೀಲ್ದಾರಗ ಕೇಳಬೇಕಾಗತೈತಿ" ಎಂದರು ಒಬ್ಬರು. ಜೀವಮಾನದಲ್ಲಿ ತಹಶೀಲ್ದಾರ ಕಚೇರಿಯ ಮೆಟ್ಟಿಲು ತುಳಿಯದವರು.

ಕುರಿಗಳ ನಡುವೆ ಸೊಂಟದ ತನಕ ಮುಳುಗಿದ್ದ ಅತ್ತಿ ಕೇಳಿದಳು:

"ಯಾಕ್ರಿ? ಇದಕ್ಕ ತಹಶೀಲ್ದಾರ ಬೇಕೇನು?"

ಅದೇ ಏರು, ಅದೇ ಇಳಿಕೆ. ಊರಲ್ಲಿ ನಕಲು ಮಾಡುವವನು ನಾನೊಬ್ಬನೇ ಎಂದುಕೊಂಡಿದ್ದೆ. ಅಪ್ಪ ಚಪ್ಪಲಿಯಿಂದ ಕಣ್ಣು ಎತ್ತಿ, "ಇರ್ಲಿ ಬಿಡ್ರಿ. ಅಲ್ಲೇ ಇರ್ಲಿ. ನನಗ ಮಗ್ಗ ಐತಿ" ಎಂದ. ನನ್ನನ್ನು ಯಾರೂ ಕೇಳಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ನಾನು ಅಂಗಳದಲ್ಲಿ ಅಡ್ಡಾಡುತ್ತಿದ್ದೆ. ಗೋಡೆಯ ಆಚೆ ಅತ್ತಿ ಒಲೆ ಹಚ್ಚುತ್ತಿದ್ದಳು.

"ತಮ್ಮಾ, ಹೋಗಿ ಅಂವಗ ಹೇಳು. ಹಿಂಡು ನಾ ನೋಡ್ಕೋತೀನಿ. ಮರೀಗೆಲ್ಲ ಬಿಲ್ಲೆ ಹಾಕಸ್ತೀನಿ ಅನ್ನು."

ಹೇಳಿದ ಮೇಲೆ ಅವಳ ಕೈ ನಿಂತದ್ದು ನನಗೆ ಕಂಡಿತು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಗೋಡೆ ಸುತ್ತಿ ಹೋದೆ. ದೊಡ್ಡಪ್ಪನ ಬಾಗಿಲು ಮುಂದಕ್ಕೆ ಎಳೆದಿತ್ತು. ಗೋಡೆಗೆ ಕೋಲು, ಕೆಳಗೆ ಚಪ್ಪಲಿ. ಅತ್ತಿಯ ದನಿಯಲ್ಲಿ, ಸೊಂಟಕ್ಕೆ ಸೆರಗು ಸಿಗಿಸಿ, ಎಲ್ಲವನ್ನೂ ಒಪ್ಪಿಸಿದೆ. ಉತ್ತರದ ಕೆಮ್ಮು ನನ್ನ ಗಂಟಲ ತನಕ ಬಂತು. ನುಂಗಿಕೊಂಡು ಮರಳಿದೆ.

"ಏನಂದಾ?"

"ಏನೂ ಅನ್ನಲಿಲ್ಲ ಅತ್ತಿ."

ಅತ್ತಿ ಒಲೆಗೆ ಊದಿದಳು. ಹೊಗೆಗೆ ಕಣ್ಣು ಒರೆಸಿಕೊಂಡಳು.

"ಸುಮ್ನದಾನ ಅಂದ್ರ ಒಪ್ಪ್ಯಾನ" ಎಂದಳು.